11 ವರ್ಷ ಆಯ್ತು, ಆದ್ರೂ ನನಗೇನೂ ಗೊತ್ತಿಲ್ಲ ಮೇಡಂ

ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದ ಅವರನ್ನು 'ರ' ಅಂತ ಕರೆಯೋಣ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 34. ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲಿ 11 ವರ್ಷ. ಈಚೆಗೆ ಬಡ್ತಿ ಸಿಕ್ಕಿ ಹುದ್ದೆಯ ಹೆಸರಿಗೆ 'ಎಕ್ಸ್‌ಪರ್ಟ್' ಅಂತ ಸೇರಿತ್ತು. ಅವತ್ತಿನಿಂದ ನಿದ್ದೆ ಹಾರಿಹೋಗಿತ್ತು. ಮೀಟಿಂಗ್ ಅಂದರೆ ಅಂಗೈ ಬೆವರುತ್ತಿತ್ತು.

ಮೊದಲ ಸಲ ನಿದ್ದೆಯ ವಿಷಯ ಮಾತ್ರ ಮಾತಾಡಿದರು. ಎರಡನೇ ಭೇಟಿಯಲ್ಲಿ ನಿಜವಾದ ನೋವು ಹೊರಗೆ ಬಂತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿದ ಒಂದು ಪ್ರಶ್ನೆ ಅದು. ಒಂದು ಕ್ವೆರಿ, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಆದೇಶ, ತುಂಬಾ ನಿಧಾನವಾಗಿತ್ತು. ಇವರು ಯಾವಾಗಲೂ ಮಾಡುವ ಹಾಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂತೆ ಬೇಕಾದ್ದನ್ನು ಬೇಗ ಹುಡುಕಿಕೊಡುವ ಪಟ್ಟಿ) ಹಾಕಿದರು. ವೇಗ ಬರಲಿಲ್ಲ. "ಸರ್, ಇಂಡೆಕ್ಸ್ ಇದೆಯಲ್ಲ, ಯಾಕೆ ಅದನ್ನ ಬಳಸ್ತಿಲ್ಲ?" ಅಂದಳು. "ನೋಡ್ತೀನಿ" ಅಂತ ಹೇಳಿ ಎದ್ದು ಹೋದರಂತೆ. ಸಂಜೆ ಬೇರೆಯವರು ಕಾರಣ ಹುಡುಕಿದರು. ಇಂಡೆಕ್ಸ್ ಇದ್ದದ್ದು ದಿನಾಂಕದ ಕಾಲಂ ಮೇಲೆ. ಕ್ವೆರಿ ಆ ದಿನಾಂಕಕ್ಕೆ ಒಂದು ಫಂಕ್ಷನ್ ಹಾಕಿ, ಅದರಿಂದ ಬರೀ ವರ್ಷವನ್ನು ಆರಿಸಿಕೊಂಡು ಹೋಲಿಸುತ್ತಿತ್ತು. ಹಾಗಾಗಿ ಪೂರ್ತಿ ದಿನಾಂಕದ ಇಂಡೆಕ್ಸ್ ಉಪಯೋಗಕ್ಕೆ ಬರದೆ ಮಾಹಿತಿಯ ಇಡೀ ಟೇಬಲ್ಲನ್ನೇ ಓದಬೇಕಾಗುತ್ತಿತ್ತು.

"ಇಂಡೆಕ್ಸ್ ಹಾಕೋದು ಗೊತ್ತು ಮೇಡಂ. ಅದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲ. ಎಲ್ಲರಿಗೂ ಮೋಸ ಮಾಡ್ತಿದ್ದೀನಿ ಅನ್ಸುತ್ತೆ."

ಯೋಗ್ಯತೆ ಇದ್ದೂ 'ನಾನು ಮೋಸಗಾರ' ಅಂತ ಒಳಗೊಳಗೇ ಹೆದರುವವರ ಬಗ್ಗೆ ಮನಶ್ಶಾಸ್ತ್ರಜ್ಞರಾದ ಪೌಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲೇ ಬರೆದಿದ್ದಾರೆ. ನನಗೂ ಮೊದಲು ಹೊಳೆದದ್ದು ಅದೇ. 'ನಿಮಗೆ ಎಲ್ಲ ಬರುತ್ತೆ, ಸುಮ್ನೆ ಅನುಮಾನ ಪಡ್ತೀರಿ' ಅಂದುಬಿಡುವುದು ಸುಲಭವಾಗಿತ್ತು. ಅನ್ನಲಿಲ್ಲ. ಅವರ ಭಯದಲ್ಲಿ ಅರ್ಧ ನಿಜ ಇತ್ತು. ನಿಜ ಇರುವ ಕಡೆ ಸಮಾಧಾನ ಹೇಳಿದರೆ, ಆ ಮನುಷ್ಯ ಇನ್ನಷ್ಟು ಒಂಟಿಯಾಗುತ್ತಾನೆ.

11 ವರ್ಷದಲ್ಲಿ ಪ್ರತಿ ವರ್ಷ ಹೊಸದಾಗಿ ಏನು ಕಲಿತಿರಿ ಅಂತ ಕೇಳಿದೆ. ಮೊದಲ ಮೂರು ವರ್ಷದ ಬಗ್ಗೆ ಹುರುಪಿನಿಂದ ಹೇಳಿದರು. ಆಮೇಲೆ ಮಾತು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, "ಪರಿಣತರಾಗೋಕೆ ಹತ್ತು ಸಾವಿರ ಗಂಟೆ ಸಾಕು ಅಂತಾರೆ. ನಾನು ಇಪ್ಪತ್ತು ಸಾವಿರ ದಾಟಿದ್ದೀನಿ" ಅಂದರು.

ಆ ಲೆಕ್ಕದಿಂದ ಎಷ್ಟು ಜನ ಸುಮ್ನೆ ಕೊರಗುತ್ತಾರೋ! ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು 1993ರಲ್ಲಿ ಪಿಟೀಲು ಕಲಿಯುವವರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಆ ಅಂಕಿ ಬಂದದ್ದು ಅಲ್ಲಿಂದ. ಅತ್ಯುತ್ತಮ ಗುಂಪಿನವರು 20ನೇ ವಯಸ್ಸಿಗೆ ಸರಾಸರಿ ಅಷ್ಟು ಗಂಟೆ ಒಬ್ಬರೇ ಕೂತು ಅಭ್ಯಾಸ ಮಾಡಿದ್ದರು. ಅದು ಬರೀ ಸರಾಸರಿ, ದಾಟಬೇಕಾದ ಗೆರೆ ಅಲ್ಲ. ಎರಿಕ್ಸನ್ ಒತ್ತಿ ಹೇಳಿದ್ದು ಬರದೇ ಇರುವುದನ್ನು ಹುಡುಕಿ ಮಾಡುವ ಅಭ್ಯಾಸದ ಬಗ್ಗೆ. ಕೆಲಸದ ಗಂಟೆ ಬೇರೆ. ಅಲ್ಲಿ ನಮಗೆ ಬರುವುದನ್ನೇ ಜಾಸ್ತಿ ಮಾಡುತ್ತೇವೆ, ಅಲ್ವಾ?

ಚೆಸ್‌ನ ವಿಷಯವನ್ನೂ ಹೇಳಿದೆ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ಆಟದ ಮಧ್ಯದ ಮಣೆಯನ್ನು 5 ಸೆಕೆಂಡ್ ತೋರಿಸಿದರು. ನುರಿತ ಆಟಗಾರ ಹೊಸಬರಿಗಿಂತ ಎಷ್ಟೋ ಜಾಸ್ತಿ ಕಾಯಿಗಳನ್ನು ನೆನಪಿನಿಂದಲೇ ಜೋಡಿಸಿದ. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಆ ಮೇಲುಗೈ ಉಳಿಯಲಿಲ್ಲ. ಅವನ ಕಣ್ಣಿಗೆ ಬೀಳುತ್ತಿದ್ದದ್ದು ಬಿಡಿ ಕಾಯಿಗಳಲ್ಲ, ಅರ್ಥ ಇರುವ ಜೋಡಣೆಗಳು.

"ನಿಮಗೂ ಹಾಗೆ ಕಾಣೋದು ಏನಾದರೂ ಇದೆಯಾ?" ಅಂದೆ.

ಯೋಚಿಸಿದರು. "ಸಿಸ್ಟಂ ತಾನೇ ಬರೆದಿಡೋ ಲಾಗ್ ಮೇಲೆ ಕಣ್ಣಾಡಿಸಿದ್ರೆ ಸಾಕು, ಡಿಸ್ಕ್ ತುಂಬ್ತಾ ಬಂದಿದೆ ಅಂತ ಗೊತ್ತಾಗುತ್ತೆ. ಬ್ಯಾಕಪ್ ಎಲ್ಲಿ ಕೈಕೊಡುತ್ತೆ ಅನ್ನೋದೂ ಗೊತ್ತಾಗುತ್ತೆ." ಅವತ್ತು ಮೊದಲ ಸಲ ಅವರ ಭುಜ ಸಡಿಲವಾದದ್ದನ್ನು ನೋಡಿದೆ. ಪರಿಣತಿ ಇತ್ತು. ಕೆಲವು ಕಡೆ ಗಟ್ಟಿ, ಕೆಲವು ಕಡೆ ಖಾಲಿ.

ನಿದ್ದೆಗೆ ಕೆಲವು ಅಭ್ಯಾಸ ಹೇಳಿಕೊಟ್ಟೆ. ಮುಖ್ಯ ಸಲಹೆ ಒಂದು ನೋಟ್‌ಬುಕ್. ನಿಧಾನವಾದ ಕ್ವೆರಿ ಬಂದಾಗ, ಡೇಟಾಬೇಸ್ ಅದನ್ನು ಹೇಗೆ ನಡೆಸುತ್ತಿದೆ ಅಂತ ತೋರಿಸುವ ಪ್ಲಾನ್ ತೆರೆಯುವ ಮೊದಲೇ ಒಂದು ಸಾಲು ಬರೆಯಬೇಕು: ಕಾರಣ ಏನಿರಬಹುದು? ಆಮೇಲೆ ನೋಡಬೇಕು. ತಪ್ಪಿದ್ದರೆ ಯಾಕೆ ತಪ್ಪಿತು ಅಂತ ನನ್ನಂಥವರಿಗೂ ತಿಳಿಯುವ ಮಾತಿನಲ್ಲಿ ಬರೆಯಬೇಕು. ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲೇ ಬರೆದಿಡದೆ ಹೋದರೆ, ಉತ್ತರ ಕಂಡ ಕೂಡಲೇ 'ಇದು ನನಗೆ ಗೊತ್ತಿತ್ತು' ಅಂತ ಮನಸ್ಸು ಹೇಳಿಬಿಡುತ್ತದೆ.

ಇನ್ನೊಂದು ಸಲಹೆ ಕಷ್ಟದ್ದು. ಆ ಹುಡುಗಿಯ ಹತ್ತಿರ ಹೋಗಿ 'ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ' ಅಂತ ಹೇಳಬೇಕು. ಮೂರು ವಾರ ಆ ಮಾತನ್ನೇ ತಪ್ಪಿಸಿದರು. ನಾನು ಒತ್ತಾಯ ಮಾಡಲಿಲ್ಲ, ಆದರೆ ಪ್ರತಿ ಸಲ ಕೇಳಿದೆ.

ಏಳನೇ ಭೇಟಿಗೆ ನೋಟ್‌ಬುಕ್ ತಂದರು. ಮೊದಲ ಪುಟದ 12 ಊಹೆಗಳಲ್ಲಿ 9 ತಪ್ಪು. ಒಂದನ್ನು ನನಗೆ ಬಿಡಿಸಿ ಹೇಳಿದರು. ಟೇಬಲ್ ಬೆಳೆದು ದೊಡ್ಡದಾಗಿತ್ತು. ಡೇಟಾಬೇಸ್ ಹತ್ತಿರ ಇದ್ದ ಅಂಕಿಅಂಶ ಮಾತ್ರ ಹಳೆಯದು. ಟೇಬಲ್ ಇನ್ನೂ ಚಿಕ್ಕದು ಅಂದುಕೊಂಡು ಅದು ತಪ್ಪು ದಾರಿ ಹಿಡಿದಿತ್ತು. ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ನನಗೂ ಅರ್ಥವಾಯಿತು.

ಮುಂದಿನ ಪುಟಗಳಲ್ಲಿ ಬೇರೆ ಕೈಬರಹವೂ ಇತ್ತು. ಯಾರದ್ದು ಅಂತ ಕೇಳಿದೆ.

"ಅವಳದ್ದೇ ಮೇಡಂ. ಇಬ್ಬರೂ ಮೊದಲು ಊಹೆ ಬರೀತೀವಿ, ಆಮೇಲೆ ನೋಡ್ತೀವಿ. ನಿನ್ನೆ ಅವಳದ್ದು ಸರಿ ಇತ್ತು, ನನ್ನದು ತಪ್ಪು."

"ರಾತ್ರಿ ನಿದ್ದೆ ಬಂತಾ?"

"ಬಂತು" ಅಂದರು.