ಗುಂಡು ಹಾರುವ ಮೊದಲು ಏನಾಯಿತು?

ಪ್ರಶ್ನೆ: ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಸಾಯುವವರಲ್ಲಿ ಕಪ್ಪು ವರ್ಣೀಯರಿಗಿಂತ ಬಿಳಿಯರೇ ಹೆಚ್ಚು ಎಂದು ಓದಿದೆ. ಹಾಗಿದ್ದ ಮೇಲೆ ವರ್ಣಭೇದದ ಮಾತು ಯಾಕೆ ಬರುತ್ತದೆ? ಆಯುಧ ಇಲ್ಲದವರನ್ನು ಕೊಂದ ಪೊಲೀಸರಿಗೂ ಶಿಕ್ಷೆ ಆಗುವುದಿಲ್ಲವಲ್ಲ, ಅದು ಹೇಗೆ? ನಮ್ಮಲ್ಲಿಯ ಹಾಗೆ ಕಾಲಿಗೆ ಗುಂಡು ಹೊಡೆದು ಹಿಡಿಯಬಹುದಲ್ಲವೇ? ಮಗ ಎಂ.ಎಸ್. ಓದಲು ಟೆಕ್ಸಾಸ್‌ಗೆ ಹೋಗಿದ್ದಾನೆ. ಆ ಆತಂಕದಿಂದ ಕೇಳುತ್ತಿದ್ದೇನೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಓದಿದ್ದು ನಿಜ. ಅಲ್ಲಿ ವರ್ಷಕ್ಕೆ ಸುಮಾರು 1,000 ಮಂದಿ ಪೊಲೀಸರ ಗುಂಡಿಗೆ ಬಲಿಯಾಗುತ್ತಾರೆ, ಅವರಲ್ಲಿ ಬಿಳಿಯರ ಸಂಖ್ಯೆಯೇ ದೊಡ್ಡದು. ಆದರೆ ಕಪ್ಪು ವರ್ಣೀಯರು ಆ ದೇಶದ ಜನಸಂಖ್ಯೆಯಲ್ಲಿ ಶೇ 14ರ ಆಸುಪಾಸು ಮಾತ್ರ. ಜನಸಂಖ್ಯೆಗೆ ತಾಳೆ ಹಾಕಿದರೆ ಅವರು ಸಾಯುವ ಪ್ರಮಾಣ ಬಿಳಿಯರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಈ ಲೆಕ್ಕ ಸಿಕ್ಕಿದ್ದು ಸರ್ಕಾರದಿಂದಲ್ಲ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2015ರಿಂದ ಒಂದೊಂದೇ ಸಾವನ್ನು ಹುಡುಕಿ ದಾಖಲಿಸುತ್ತಾ ಬಂತು. ಸುಮಾರು 18,000 ಪೊಲೀಸ್ ಇಲಾಖೆಗಳಿರುವ ಆ ದೇಶದಲ್ಲಿ ಎಫ್‌ಬಿಐಗೆ ಈ ಮಾಹಿತಿ ಕೊಡುವುದು ಕಡ್ಡಾಯವೇ ಅಲ್ಲ. ತನ್ನ ಪೊಲೀಸರ ಕೈಯಲ್ಲಿ ಸತ್ತವರೆಷ್ಟು ಎಂಬುದನ್ನು ಸರ್ಕಾರವೇ ಸರಿಯಾಗಿ ಎಣಿಸದಿರುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ.

ವಾದ ಶುರುವಾಗುವುದು ಇಲ್ಲಿಂದ. ಜನಸಂಖ್ಯೆಗಲ್ಲ, ಪೊಲೀಸರಿಗೆ ಎದುರಾದವರ ಸಂಖ್ಯೆಗೆ ಹೋಲಿಸಬೇಕು ಎನ್ನುವವರಿದ್ದಾರೆ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರೋಲ್ಯಾಂಡ್ ಫ್ರೈಯರ್, ಸ್ವತಃ ಕಪ್ಪು ವರ್ಣೀಯರು, ಹ್ಯೂಸ್ಟನ್, ನ್ಯೂಯಾರ್ಕ್ ಮುಂತಾದ ಕಡೆಯ ದಾಖಲೆಗಳನ್ನು ಜಾಲಾಡಿ 2016ರಲ್ಲಿ ತಮ್ಮ ಅಧ್ಯಯನ ಮುಂದಿಟ್ಟರು. ಗೋಡೆಗೆ ಒತ್ತಿ ಹಿಡಿಯುವುದು, ಬೇಡಿ ಹಾಕುವುದು ಇಂಥ ಬಲಪ್ರಯೋಗದಲ್ಲಿ ಬಣ್ಣದ ವ್ಯತ್ಯಾಸ ದೊಡ್ಡದಾಗಿ ಕಂಡಿತು, ಗುಂಡು ಹಾರಿಸುವುದರಲ್ಲಿ ಕಾಣಲಿಲ್ಲ. ಈ ಅಧ್ಯಯನವನ್ನು ಸುಮ್ಮನೆ ತಳ್ಳಿಹಾಕುವವರ ಜತೆ ನಾನಿಲ್ಲ. ಆದರೆ ಇಂಥ ದಾಖಲೆ ಶುರುವಾಗುವುದೇ ಪೊಲೀಸರು ಯಾರನ್ನೋ ತಡೆದ ಅಥವಾ ಬಂಧಿಸಿದ ಮೇಲೆ. ಸಣ್ಣಪುಟ್ಟ ಕಾರಣಕ್ಕೆ ಕಪ್ಪು ವರ್ಣೀಯರನ್ನೇ ಹೆಚ್ಚು ತಡೆದರೆ, ಏನೂ ಆಗದೆ ಮುಗಿದ ಪ್ರಕರಣಗಳು ಅವರ ಲೆಕ್ಕಕ್ಕೆ ರಾಶಿ ಬೀಳುತ್ತವೆ. ಆಗ ಗುಂಡಿನ ಪ್ರಮಾಣ ತಾನಾಗಿಯೇ ಕಡಿಮೆ ಕಾಣುತ್ತದೆ.

ಮಿಸೌರಿಯ ಫರ್ಗುಸನ್‌ನಲ್ಲಿ 2014ರ ಆಗಸ್ಟ್‌ನಲ್ಲಿ ಮೈಕೆಲ್ ಬ್ರೌನ್ ಎಂಬ 18ರ ಹುಡುಗ ಪೊಲೀಸ್ ಗುಂಡಿಗೆ ಸತ್ತ. ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುವಷ್ಟು ಸಾಕ್ಷ್ಯವಿಲ್ಲ ಎಂದು ಕೇಂದ್ರ ನ್ಯಾಯ ಇಲಾಖೆ ಮುಂದಿನ ಮಾರ್ಚ್‌ನಲ್ಲಿ ಹೇಳಿತು. ಅದೇ ಇಲಾಖೆ ಜತೆಯಲ್ಲೇ ಕೊಟ್ಟ ಇನ್ನೊಂದು ವರದಿ ಊರಿನ ಪೊಲೀಸರ ಬಗ್ಗೆ: ಜನಸಂಖ್ಯೆಯಲ್ಲಿ ಕಪ್ಪು ವರ್ಣೀಯರು ಶೇ 67, ತಡೆದ ವಾಹನಗಳಲ್ಲಿ ಶೇ 85, ಬಂಧನಗಳಲ್ಲಿ ಶೇ 93. ದಂಡದ ಹಣದಿಂದ ಖಜಾನೆ ತುಂಬಿಸಲು ನಗರಾಡಳಿತವೇ ಪೊಲೀಸರ ಬೆನ್ನು ಹತ್ತಿತ್ತು. ಎರಡೂ ವರದಿಗಳನ್ನು ಒಟ್ಟಿಗೆ ಓದುವವರು ಕಡಿಮೆ. ತಮ್ಮ ವಾದಕ್ಕೆ ಒದಗುವ ಒಂದನ್ನು ಮಾತ್ರ ಹಿಡಿದುಕೊಳ್ಳುತ್ತಾರೆ.

ಮಿನೆಸೋಟದ ಕಪ್ಪು ವರ್ಣೀಯ ಫಿಲಾಂಡೊ ಕಾಸ್ಟೀಲ್ ಶಾಲೆಯೊಂದರ ಮಕ್ಕಳ ಊಟದ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು. 2016ರ ಜುಲೈ 6ರಂದು ಬ್ರೇಕ್ ಲೈಟ್ ನೆಪದಲ್ಲಿ ಅವರ ಕಾರನ್ನು ತಡೆದರು. ತಮ್ಮ ಬಳಿ ಬಂದೂಕು ಇದೆ ಎಂದು ಅವರೇ ಮರ್ಯಾದೆಯಿಂದ ತಿಳಿಸಿದರು. ಅದಕ್ಕೆ ಪರವಾನಗಿಯೂ ಇತ್ತು. ಕೆಲವೇ ಸೆಕೆಂಡುಗಳಲ್ಲಿ ಅಧಿಕಾರಿಯ ಏಳು ಗುಂಡು ಹಾರಿದವು, ಅವರು ಸತ್ತರು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗು ಕೂತಿತ್ತು. ಸಣ್ಣ ಸಂಚಾರಿ ಕಾರಣಗಳಿಗಾಗಿ ಅದಕ್ಕೂ ಮೊದಲು ಅವರನ್ನು 40ಕ್ಕೂ ಹೆಚ್ಚು ಸಲ ತಡೆಯಲಾಗಿತ್ತು. ಪ್ರತಿ ಸಲವೂ ಎದುರಿಗೆ ಸೊಂಟದಲ್ಲಿ ಪಿಸ್ತೂಲು ಇರುವ ಮನುಷ್ಯ. ಹೀಗೆ ಪದೇ ಪದೇ ತಡೆಯುವುದರಲ್ಲೇ ಭೇದ ಕೆಲಸ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗುಂಡು ಹಾರಿಸಿದವನ ಮನಸ್ಸಿನಲ್ಲಿ ದ್ವೇಷ ಇತ್ತೇ ಇಲ್ಲವೇ ಎಂದು ಜಗ್ಗಾಡುವುದರಲ್ಲಿ ಇದು ಮರೆಯಾಗುತ್ತದೆ. ಆ ಅಧಿಕಾರಿ 2017ರಲ್ಲಿ ಖುಲಾಸೆಯಾದರು.

ಖುಲಾಸೆ ಹೇಗೆ ಎಂದು ಕೇಳಿದ್ದೀರಿ. ಓಡಿಹೋಗುವವನು ಅಪಾಯಕಾರಿಯಲ್ಲದಿದ್ದರೆ ಗುಂಡು ಹಾರಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿತು. ಮೆಂಫಿಸ್‌ನಲ್ಲಿ ಬೇಲಿ ಹತ್ತುತ್ತಿದ್ದ 15 ವರ್ಷದ ನಿರಾಯುಧ ಹುಡುಗನ ತಲೆಯ ಹಿಂಬದಿಗೆ ಹೊಡೆದ ಪ್ರಕರಣ ಅದು. ನಾಲ್ಕು ವರ್ಷದ ನಂತರದ ಇನ್ನೊಂದು ತೀರ್ಪು ಅಳತೆಗೋಲನ್ನು ಖಚಿತಪಡಿಸಿತು: ಆ ಹೊತ್ತಿನಲ್ಲಿ ಆ ಜಾಗದಲ್ಲಿದ್ದ ವಿವೇಕಿ ಅಧಿಕಾರಿಗೆ ಏನನ್ನಿಸುತ್ತಿತ್ತು ಎಂಬುದನ್ನು ನೋಡಬೇಕು, ಆಮೇಲೆ ಗೊತ್ತಾದದ್ದನ್ನು ನೋಡಬಾರದು. ಹಾಗಾಗಿ 'ಜೀವಭಯವಾಯಿತು' ಎಂದು ಅಧಿಕಾರಿ ಹೇಳಿ, ಅದು ನಂಬುವಂತಿದ್ದರೆ, ಸತ್ತವರ ಕೈಯಲ್ಲಿ ಏನೂ ಇರದಿದ್ದರೂ ಪ್ರಕರಣ ನಿಲ್ಲುವುದು ಕಷ್ಟ.

ಕ್ಲೀವ್‌ಲ್ಯಾಂಡ್‌ನ ತಮೀರ್ ರೈಸ್‌ಗೆ 12 ವರ್ಷ. 2014ರ ನವೆಂಬರ್‌ನಲ್ಲಿ ಪಾರ್ಕಿನಲ್ಲಿ ಆಟಿಕೆ ಪಿಸ್ತೂಲು ಹಿಡಿದು ಓಡಾಡುತ್ತಿದ್ದ. ಫೋನ್ ಮಾಡಿದವರು 'ಅದು ನಕಲಿ ಇರಬಹುದು' ಎಂದೂ ಹೇಳಿದ್ದರು. ಆ ಮಾತು ಗಸ್ತಿನಲ್ಲಿದ್ದ ಪೊಲೀಸರಿಗೆ ದಾಟಲೇ ಇಲ್ಲ. ಕಾರು ಹುಲ್ಲಿನ ಮೇಲೆ ನೇರ ಹುಡುಗನ ಹತ್ತಿರಕ್ಕೇ ನುಗ್ಗಿತು. ಎರಡೇ ಸೆಕೆಂಡಿನಲ್ಲಿ ಗುಂಡು. ಆ ಎರಡು ಸೆಕೆಂಡನ್ನಷ್ಟೇ ನೋಡಿದರೆ ಅಧಿಕಾರಿಗೆ ಬೇರೆ ದಾರಿ ಇರಲಿಲ್ಲ ಎನ್ನಿಸಬಹುದು. ದೂರ ನಿಲ್ಲಿಸಿ, ಕಾರಿನ ಮರೆಯಿಂದ ಕೂಗಿ ಹೇಳಿದ್ದರೆ? ಆ ಮಗುವಿನ ಸಾವಿಗೆ ಯಾರ ಮೇಲೂ ಕ್ರಿಮಿನಲ್ ಆರೋಪ ದಾಖಲಾಗಲಿಲ್ಲ.

ಗುಂಡು ಹಾರುವ ಮೊದಲಿನ ಘಟನಾವಳಿಯನ್ನೂ ನೋಡಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಒಮ್ಮತದಿಂದ ಹೇಳಿದೆ. ಟೋಲ್ ಬಾಕಿಯ ಕಾರಣಕ್ಕೆ ಹ್ಯೂಸ್ಟನ್ ಬಳಿ ತಡೆದ ಕಾರಿನ ಚಾಲಕ ಸತ್ತ ಪ್ರಕರಣ ಅದು. ಇದು ತಡವಾಗಿ ಬಂದ ಒಳ್ಳೆಯ ತೀರ್ಪು.

ಇನ್ನು ಕಾಲಿಗೆ ಗುಂಡಿನ ಮಾತು. ಅಮೆರಿಕದ ತರಬೇತಿಯಲ್ಲಿ ಗುಂಡು ಎಂದರೆ ಅದು ಪ್ರಾಣಾಂತಿಕ ಬಲವೇ, ಗುರಿ ಎದೆಯ ಭಾಗ. ಓಡುವ ಕಾಲಿಗೆ ಗುರಿಯಿಡುವುದು ಕಷ್ಟ, ತಪ್ಪಿದ ಗುಂಡು ಬೇರೆಯವರಿಗೆ ತಗಲುತ್ತದೆ, ತೊಡೆಯ ರಕ್ತನಾಳ ಹರಿದರೆ ನಿಮಿಷಗಳಲ್ಲಿ ಜೀವ ಹೋಗುತ್ತದೆ. ನಮ್ಮ ಪತ್ರಿಕೆಗಳಲ್ಲಿ ಬರುವ 'ಮಹಜರಿಗೆ ಕರೆದೊಯ್ದಾಗ ಹಲ್ಲೆ, ಆತ್ಮರಕ್ಷಣೆಗೆ ಕಾಲಿಗೆ ಗುಂಡು' ಎಂಬ ಸುದ್ದಿಯನ್ನು ಮಾದರಿ ಎಂದುಕೊಳ್ಳಬೇಡಿ. ಎನ್‌ಕೌಂಟರ್ ಸಾವುಗಳ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ 2014ರಲ್ಲಿ ಹಾಕಿಕೊಟ್ಟ ಸ್ವತಂತ್ರ ತನಿಖೆಯ ನಿಯಮಗಳು ತೀವ್ರ ಗಾಯದ ಪ್ರಕರಣಗಳಿಗೂ ಆದಷ್ಟು ಮಟ್ಟಿಗೆ ಅನ್ವಯಿಸುತ್ತವೆ.

ಮಗನಿಗೆ ಮುಖ್ಯವಾಗಿ ಒಂದು ಮಾತು ಹೇಳಿ. ನಮ್ಮೂರಲ್ಲಿ ಪೊಲೀಸರು ಕೈ ಅಡ್ಡ ಮಾಡಿದರೆ ಗಾಡಿಯಿಂದ ಇಳಿದು, ಕಾಗದಪತ್ರ ಹಿಡಿದು ಅವರ ಬಳಿಗೇ ಹೋಗುತ್ತೇವೆ. ಅಲ್ಲಿ ಹಾಗೆ ಇಳಿದು ಹೋದರೆ ಅದನ್ನು ಬೆದರಿಕೆ ಎಂದು ತಿಳಿಯುತ್ತಾರೆ. ಕಾರು ಬದಿಗೆ ನಿಲ್ಲಿಸಿ, ಗಾಜು ಇಳಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲೆ ಇಟ್ಟು ಕಾಯಲಿ. ಲೈಸೆನ್ಸ್ ಕೇಳಿದರೆ ಅದು ಎಲ್ಲಿದೆ ಎಂದು ಮೊದಲು ಹೇಳಿ, ಆಮೇಲೆ ನಿಧಾನವಾಗಿ ಕೈ ಹಾಕಲಿ. ಭಾರತೀಯರಿಗೆ ಇದೆಲ್ಲ ಆಗುವುದಿಲ್ಲ ಎಂಬ ಭಾವನೆ ಬೇಡ. 2015ರಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲು ಅಲಬಾಮಾಗೆ ಹೋಗಿದ್ದ ಗುಜರಾತಿನ ಹಿರಿಯರೊಬ್ಬರು ಮಗನ ಮನೆಯ ಬೀದಿಯಲ್ಲೇ ನಡೆದಾಡುತ್ತಿದ್ದಾಗ, 'ಸಣಕಲು ಕಪ್ಪು ಮನುಷ್ಯ ತಿರುಗುತ್ತಿದ್ದಾನೆ' ಎಂದು ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಅಧಿಕಾರಿ ನೆಲಕ್ಕೆ ಅಪ್ಪಳಿಸಿದ್ದರಿಂದ ಕುತ್ತಿಗೆಗೆ ಏಟಾಗಿ ಅಂಗಾಂಗಗಳ ಸ್ವಾಧೀನ ಭಾಗಶಃ ತಪ್ಪಿತು. ಅನ್ಯಾಯ ಆಯಿತು ಅನ್ನಿಸಿದರೆ ನಿಮ್ಮ ಮಗ ರಸ್ತೆ ಬದಿಯಲ್ಲಿ ವಾದಕ್ಕೆ ಇಳಿಯುವುದು ಬೇಡ. ಅಧಿಕಾರಿಯ ಹೆಸರು, ಬ್ಯಾಡ್ಜ್ ಸಂಖ್ಯೆ, ಜಾಗ, ಹೊತ್ತು ಬರೆದಿಟ್ಟುಕೊಂಡು ಆಮೇಲೆ ವಕೀಲರ ಮೂಲಕ ದೂರು ಕೊಡಲಿ, ಅಧಿಕಾರಿಯ ಮೈಮೇಲಿನ ಕ್ಯಾಮೆರಾದ ವಿಡಿಯೊ ಉಳಿಸಿಡುವಂತೆ ಲಿಖಿತವಾಗಿ ಕೇಳಲಿ.