ರಜೆ ಮುಗಿದರೂ ನನ್ನ ತಮ್ಮ ಸೇನೆಯ ಯೂನಿಟ್‌ಗೆ ಹೋಗಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮದು ಬೆಳಗಾವಿ ಜಿಲ್ಲೆಯ ಹಳ್ಳಿ. ತಮ್ಮ ಸೇನೆಗೆ ಸೇರಿ ಆರು ವರ್ಷ, ಈಗ ಪೋಸ್ಟಿಂಗ್ ಕಾಶ್ಮೀರದಲ್ಲಿ. ರಜೆಗೆ ಬಂದವನು ವಾಪಸ್ ಹೋಗಿಲ್ಲ. ರಜೆ ಮುಗಿದು 19 ದಿನ ಆಯ್ತು. ಹೊರಡುವ ದಿನ ಟ್ರಂಕು ಕಟ್ಟಿ ಬಾಗಿಲ ತನಕ ತಂದಿಟ್ಟ, ಆಮೇಲೆ ಮತ್ತೆ ಒಳಗೆ ಎಳೆದುಕೊಂಡು ಹೋದ. ಕಾರಣ ಹೇಳಲ್ಲ. ರಾತ್ರಿ ನಿದ್ದೆ ಮಾಡಲ್ಲ. ಅವ್ವ ಟ್ರಂಕಿನ ಬೀಗದ ಕೈ ಸೆರಗಿಗೆ ಕಟ್ಟಿಕೊಂಡಿದ್ದಾಳೆ, ಯಾರಿಗೂ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಯೂನಿಟ್‌ನ ಹವಾಲ್ದಾರರು ನನ್ನ ನಂಬರಿಗೆ ಫೋನ್ ಮಾಡಿದಾಗ 'ರೈಲು ಹತ್ತಿದ್ದಾನೆ' ಅಂತ ಸುಳ್ಳು ಹೇಳಿಬಿಟ್ಟೆ. ಈಗ ನಿಜ ಹೇಳಿದರೆ ತಮ್ಮನಿಗೆ ದ್ರೋಹ ಮಾಡಿದ ಹಾಗಾ?

ಉತ್ತರ: ತಂಗಿ, ದ್ರೋಹ ಅಲ್ಲ. ನಿಜ ಹೇಳಿ, ಅದನ್ನೂ ಈ ವಾರದಲ್ಲೇ ಹೇಳಿ. ಆದರೆ ಅದಕ್ಕಿಂತ ಮೊದಲು ತಮ್ಮನ ಜೊತೆ ಕೂತು ಮಾತಾಡಬೇಕು.

ಈ ವಾರವೇ ಯಾಕೆ ಅಂದ್ರೆ, ಸೇನೆಯ ಲೆಕ್ಕದಲ್ಲಿ 30 ದಿನ ಅನ್ನೋದು ದೊಡ್ಡ ಗಡಿ. ರಜೆ ಮುಗಿದರೂ ಸರಿಯಾದ ಕಾರಣವಿಲ್ಲದೆ ಹಾಜರಾಗದೇ ಇರೋದು 1950ರ ಸೇನಾ ಕಾಯ್ದೆಯ 39ನೇ ಸೆಕ್ಷನ್. ಗರಿಷ್ಠ ಶಿಕ್ಷೆ 3 ವರ್ಷ, ಆದರೆ ಕಮಾಂಡಿಂಗ್ ಆಫೀಸರ್ ತಮ್ಮ ಹಂತದಲ್ಲೇ 28 ದಿನದವರೆಗಿನ ಸೆರೆ ಕೊಟ್ಟು ಮುಗಿಸಲೂಬಹುದು. ಸೇನೆ ಬಿಟ್ಟು ಓಡಿಹೋಗೋದು ಬೇರೆ, ಅದು 38ನೇ ಸೆಕ್ಷನ್. ಅದಕ್ಕೆ 7 ವರ್ಷದವರೆಗೆ ಜೈಲು. ಆಕ್ಟಿವ್ ಸರ್ವಿಸ್‌ನಲ್ಲಿ, ಅಂದ್ರೆ ಶತ್ರುವಿನ ವಿರುದ್ಧದ ಕಾರ್ಯಾಚರಣೆಯಂಥ ಕರ್ತವ್ಯದಲ್ಲಿದ್ದಾಗ ಆದರೆ ಕಾಯ್ದೆಯಲ್ಲಿ ಮರಣದಂಡನೆಯವರೆಗೂ ಇದೆ. ಎರಡರ ನಡುವಿನ ವ್ಯತ್ಯಾಸ ಮುಖ್ಯವಾಗಿ ಉದ್ದೇಶದ್ದು: ತಿರುಗಿ ಹೋಗೋ ಮನಸ್ಸಿತ್ತಾ, ಇಲ್ವಾ ಅಂತ. 30 ದಿನ ಕಳೆದರೆ ಕೋರ್ಟ್ ಆಫ್ ಎನ್‌ಕ್ವೈರಿ, ಅಂದ್ರೆ ಸೇನೆಯದೇ ವಿಚಾರಣಾ ಮಂಡಳಿ, ಕೂರುತ್ತದೆ, ಗೈರುಹಾಜರಿ ದಾಖಲಾಗುತ್ತದೆ, ಆಮೇಲೂ ಅವನು ಸಿಗದಿದ್ದರೆ ಓಡಿಹೋದವನು ಅಂತಲೇ ಪರಿಗಣಿಸುತ್ತಾರೆ. ಊರಿನ ಪೊಲೀಸರು ಹುಡುಕಿಕೊಂಡು ಮನೆ ಬಾಗಿಲಿಗೆ ಬರಲೂಬಹುದು. ಇವತ್ತಿಗೆ ನಿಮ್ಮ ತಮ್ಮ ತಡ ಮಾಡಿದ ಜವಾನ, ಅಷ್ಟೇ. ಅವನಾಗಿ ಹೋಗಿ ನಿಂತರೆ, ತಿರುಗಿ ಬರೋ ಮನಸ್ಸಿತ್ತು ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅವ್ವನಿಗೂ ಒಂದು ವಿಷಯ ತಿಳಿಸಬೇಕು. ಓಡಿಬಂದ ಸೈನಿಕ ಅಂತ ಗೊತ್ತಿದ್ದೂ ಮನೆಯಲ್ಲಿ ಬಚ್ಚಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 164ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಹೆಂಡತಿಗೆ ಅದರಲ್ಲಿ ವಿನಾಯಿತಿ ಇದೆ. ತಾಯಿಗೆ ಇಲ್ಲ, ಅಕ್ಕನಿಗೂ ಇಲ್ಲ. ಸ್ವಲ್ಪ ವರ್ಷ ಕಳೆದರೆ ಸೇನೆಯವರು ಮರೆತುಬಿಡ್ತಾರೆ ಅಂತ ಯಾರಾದರೂ ಅವ್ವನಿಗೆ ಹೇಳಿದ್ದರೆ ಅದು ಸುಳ್ಳು. ಸೇನಾ ಕಾಯ್ದೆಯಲ್ಲಿ ಬೇರೆ ತಪ್ಪುಗಳ ವಿಚಾರಣೆಗೆ ಸಾಮಾನ್ಯವಾಗಿ 3 ವರ್ಷದ ಮಿತಿ ಇದೆ, ಓಡಿಹೋದದ್ದಕ್ಕೆ ಆ ಮಿತಿ ಇಲ್ಲ.

ಕಾನೂನು ಇಷ್ಟು ಸಾಕು. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಟ್ರಂಕು. ಓಡಿಹೋಗಬೇಕು ಅಂದುಕೊಂಡವನು ಟ್ರಂಕು ಕಟ್ಟಿ ಬಾಗಿಲಿಗೆ ತರಲ್ಲ, ಅಲ್ವಾ? ಹೋಗಬೇಕು ಅಂತಲೇ ಹೊರಟಿದ್ದಾನೆ, ಕಾಲು ಏಳಲಿಲ್ಲ. ಅದು ಯಾಕೆ ಅಂತ ಕೇಳಿ. ಅವ್ವ, ಅಪ್ಪ ಇಲ್ಲದಾಗ, ಹೊಲದ ಕಡೆ ನಡೆದುಕೊಂಡು ಹೋಗುವಾಗ ಕೇಳಿ. 'ಊರಿನವರು ಏನಂತಾರೆ' ಅಂತ ಶುರು ಮಾಡಬೇಡಿ. ಜೊತೆಗಾರ ಯಾರಾದರೂ ತೀರಿಕೊಂಡಿರಬಹುದು, ಮೇಲಿನವರ ಕಾಟ ಇರಬಹುದು, ಸಾಲ ಇರಬಹುದು, ಇದ್ಯಾವುದೂ ಅಲ್ಲದೆ ಮನಸ್ಸಿಗೇ ಹುಷಾರಿಲ್ಲದಿರಬಹುದು. ಸಾಯಬೇಕು ಅನ್ನಿಸುತ್ತಿದೆಯಾ ಅಂತಲೂ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಸಿಗ್ತಾರೆ.

ಅಮೆರಿಕದ ಸೈನಿಕ ಬೋ ಬರ್ಗ್‌ಡಾಲ್ 2009ರಲ್ಲಿ ಅಫ್ಘಾನಿಸ್ತಾನದ ಪಕ್ತಿಕಾ ಪ್ರಾಂತ್ಯದಲ್ಲಿ ತನ್ನ ಠಾಣೆ ಬಿಟ್ಟು ಒಬ್ಬನೇ ನಡೆದುಹೋದ. ಯೂನಿಟ್‌ನಲ್ಲಿ ಸರಿ ಇಲ್ಲದ್ದನ್ನು ದೊಡ್ಡ ಅಧಿಕಾರಿಗಳ ಗಮನಕ್ಕೆ ತರಬೇಕಿತ್ತು ಅಂತ ಆಮೇಲೆ ಹೇಳಿದ. ಕೆಲವೇ ಗಂಟೆಯಲ್ಲಿ ಸೆರೆ ಸಿಕ್ಕಿದ, ಸುಮಾರು 5 ವರ್ಷ ತಾಲಿಬಾನ್ ಕಡೆಯವರ ಸೆರೆಯಲ್ಲಿದ್ದ, ಅವನನ್ನು ಹುಡುಕಲು ಹೋದ ಸೈನಿಕರಿಗೆ ವಾಸಿಯಾಗದ ಗಾಯಗಳಾದವು. ಅವನಿಗೆ ಮಾನಸಿಕ ತೊಂದರೆ ಇತ್ತು ಅಂತ ಸೇನೆಯ ವೈದ್ಯರು ಹೇಳಿದ್ದೂ ಇದೆಲ್ಲ ಆದ ಮೇಲೆ. 'ಯಾಕೋ ಹೀಗೆ' ಅಂತ ಕೇಳುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಿಮ್ಮ ತಮ್ಮ ಪಕ್ಕದ ಕೋಣೆಯಲ್ಲೇ ಇದ್ದಾನೆ, ಕೇಳಬಹುದು.

ನಿದ್ದೆ ಇಲ್ಲದಿರೋದನ್ನು ಸುಮ್ನೆ ಬಿಡಬೇಡಿ. ರಜೆಯಲ್ಲಿರುವ ಜವಾನ ಕಾಯಿಲೆ ಬಿದ್ದರೆ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಹೋಗಬೇಕು, ನಿಮಗೆ ಬೆಳಗಾವಿಯಲ್ಲೇ ಇದೆ. ಸಮವಸ್ತ್ರದವರನ್ನು ಕಂಡರೆ ಹಿಂಜರಿಯುತ್ತಾನೆ ಅಂದ್ರೆ ಮೊದಲು ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಸರ್ಕಾರಿ ಆಸ್ಪತ್ರೆಯ ಚೀಟಿಗಳನ್ನು ಜೋಪಾನ ಮಾಡಿ, ತಡ ಯಾಕಾಯ್ತು ಅಂತ ಹೇಳೋಕೆ ಬೇಕಾಗುತ್ತವೆ. ಕಾಯಿಲೆ ಇಲ್ಲದಿದ್ದರೆ ಕಾಯಿಲೆಯ ಚೀಟಿ ಮಾಡಿಸೋಕೆ ಮಾತ್ರ ಹೋಗಬೇಡಿ, ಅದು ಇನ್ನೊಂದು ತಪ್ಪಾಗುತ್ತದೆ.

ಈ ಕೆಲಸವೇ ಬೇಡ ಅಂದರೂ ಹೋಗಿ ಹಾಜರಾಗಲೇಬೇಕು. ಅಲ್ಲಿಂದಲೇ ಬಿಡುಗಡೆಗೆ ಅರ್ಜಿ ಹಾಕಬಹುದು. ಸಿಗುತ್ತೆ ಅಂತ ಖಾತ್ರಿ ಇಲ್ಲ, 15 ವರ್ಷ ತುಂಬದೆ ಬಿಟ್ಟರೆ ಪೆನ್ಷನ್ ಕೂಡ ಇಲ್ಲ. ಆದರೂ ಕಾಗದ ಹಿಡಿದು ಮನೆಗೆ ಬಂದವನು ಹಗಲಲ್ಲಿ ಊರ ನಡುವೆ ಓಡಾಡಬಹುದು, ಬೇರೆ ಕೆಲಸ ಹುಡುಕಬಹುದು.

ಆಣೆಯ ಬಗ್ಗೆ ಕೊರಗಬೇಡಿ. ಮಗನನ್ನು ಉಳಿಸಿಕೊಳ್ಳಬೇಕು ಅಂತ ಅವ್ವ ಆಣೆ ಹಾಕಿಸಿದ್ದು, ನೀವೂ ಅದನ್ನೇ ಮಾಡ್ತಿದ್ದೀರಿ.

ಹವಾಲ್ದಾರರಿಗೆ ಕದ್ದು ಫೋನ್ ಮಾಡಬೇಡಿ, ತಮ್ಮನ ಎದುರಿಗೇ ಮಾಡಿ. 'ಅವತ್ತು ಸುಳ್ಳು ಹೇಳಿದೆ ಸರ್, ಅವನು ಮನೆಯಲ್ಲೇ ಇದ್ದಾನೆ, ಡಾಕ್ಟರಿಗೆ ತೋರಿಸಿ ಕರೆದುಕೊಂಡು ಬರ್ತೀವಿ' ಅನ್ನಿ. ಬೆಳಗಾವಿಯಲ್ಲಿರುವ ಸೇನೆಯ ಮರಾಠಾ ಸೆಂಟರ್‌ನಲ್ಲಿ ಹಾಜರಾದರೆ ನಡೆಯುತ್ತಾ, ಯೂನಿಟ್‌ಗೇ ಬರಬೇಕಾ ಅಂತಲೂ ಅವರನ್ನೇ ಕೇಳಿ. ಯೂನಿಟ್‌ಗೇ ಬನ್ನಿ ಅಂದರೆ ಅಪ್ಪ ಜೊತೆಗೆ ಹೋಗಲಿ. ಹಿಂದಿ ತಡವರಿಸಿದರೆ ಫೋನು ತಮ್ಮನ ಕೈಗೆ ಕೊಡಿ, ಮಿಕ್ಕಿದ್ದು ಅವನೇ ಮಾತಾಡಲಿ.