ನಿದ್ದೆ ಸಾಕಷ್ಟು, ಆದರೂ ಮೈಯಲ್ಲಿ ತ್ರಾಣವಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಮಾತಿನಿಂದ ಶುರುವಾಗುತ್ತವೆ: "ಚೆನ್ನಾಗಿ ಮಲಗುತ್ತೇನೆ ಡಾಕ್ಟ್ರೇ, ಆದರೂ ಸುಸ್ತು." ಓದುತ್ತಾ ಹೋದರೆ ಮೂವರ ಸುಸ್ತೂ ಬೇರೆ ಬೇರೆ. ಅದಕ್ಕೇ ಮೂರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 41 ವರ್ಷ. ಪ್ರೈಮರಿ ಶಾಲೆ ಟೀಚರ್. ರಾತ್ರಿ 10ಕ್ಕೆ ಮಲಗಿದರೆ ಬೆಳಗ್ಗೆ 6ಕ್ಕೇ ಎಚ್ಚರ, ನಡುವೆ ಏಳುವುದೇ ಇಲ್ಲ. ಆದರೂ 11 ಗಂಟೆ ಹೊತ್ತಿಗೆ ಬೋರ್ಡ್ ಮೇಲೆ ಬರೆಯಲು ಕೈ ಎತ್ತುವುದೂ ಬೇಡ ಅನಿಸುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು. ಕೂದಲು ಕೈಗೇ ಬರುತ್ತಿದೆ. ರಕ್ತ ಪರೀಕ್ಷೆ ಮಾಡಿಸಿದೆ: ಹಿಮೋಗ್ಲೋಬಿನ್ 12.1, ಥೈರಾಯ್ಡ್ ಟಿಎಸ್‌ಎಚ್ 2.8, ಶುಗರ್ ಇಲ್ಲ. "ಎಲ್ಲ ನಾರ್ಮಲ್, ಟೆನ್ಷನ್ ಮಾಡ್ಕೋಬೇಡಿ" ಎಂದು ಟಾನಿಕ್ ಬರೆದುಕೊಟ್ಟರು. ಮನೆಯಲ್ಲಿ ಸೋಮಾರಿತನ ಅನ್ನುತ್ತಾರೆ. ನಾವು ಸಸ್ಯಾಹಾರಿಗಳು. ಎರಡು ವರ್ಷದಿಂದ ಮುಟ್ಟು 7-8 ದಿನ ಹೋಗುತ್ತದೆ, ವಯಸ್ಸಾಯಿತಲ್ಲ, ಅದು ಸಹಜ ಅಂದುಕೊಂಡಿದ್ದೇನೆ. ಏನು ಮಾಡಲಿ? (ಓದುಗರು, ಹಾಸನ)

ಉತ್ತರ: ಪತ್ರದ ಕೊನೆಗೆ, ಇದೂ ಇರಲಿ ಅಂತ ಸೇರಿಸಿದ ಸಾಲು ಇದೆಯಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಅದಕ್ಕೂ ಮೊದಲು ಒಂದು ಪ್ರಶ್ನೆ. ಸುಸ್ತು ಅಂತ ಬಂದ ಎಲ್ಲರಿಗೂ ಇದನ್ನು ಕೇಳುತ್ತೇನೆ. ಮಧ್ಯಾಹ್ನ ಸುಮ್ನೆ ಕುರ್ಚಿಯಲ್ಲಿ ಕೂತರೆ ತೂಕಡಿಕೆ ಬರುತ್ತದಾ, ಅಥವಾ ಎಚ್ಚರ ಇದ್ದೂ ಮೈಯಲ್ಲಿ ಶಕ್ತಿ ಇಲ್ಲವಾ? ಎರಡಕ್ಕೂ ನಾವು ಸುಸ್ತು ಅಂತಲೇ ಅನ್ನುತ್ತೇವೆ. ಆದರೆ ತೂಕಡಿಕೆ ಬಂದರೆ ರಾತ್ರಿಯ ನಿದ್ದೆಯಲ್ಲೇ ಏನೋ ಐಬು ಇದೆ. ಎಚ್ಚರ ಇದ್ದೂ ಕೈ ಎತ್ತಲಾಗದಿದ್ದರೆ ಹುಡುಕಬೇಕಾದದ್ದು ಬೇರೆ ಕಡೆ, ಮುಖ್ಯವಾಗಿ ರಕ್ತದಲ್ಲಿ. ನಿಮ್ಮದು ಎರಡನೆಯದು.

ಹಿಮೋಗ್ಲೋಬಿನ್ 12.1 ಇದೆ, ನಿಜ. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅನ್ನುತ್ತೇವೆ. ಹಾಗಾಗಿ ನೀವು ಗೆರೆಯ ಈಚೆ ಇದ್ದೀರಿ, ಕೂದಲೆಳೆಯಷ್ಟು. ಆದರೆ ಹಿಮೋಗ್ಲೋಬಿನ್ ಅಂದರೆ ಅಡುಗೆಮನೆಯ ಡಬ್ಬಿಯಲ್ಲಿರುವ ಅಕ್ಕಿ. ಅಟ್ಟದ ಮೇಲಿನ ಮೂಟೆ, ಅಂದರೆ ದೇಹ ಕೂಡಿಟ್ಟ ಕಬ್ಬಿಣಾಂಶ, ಬೇರೆ. ದೇಹ ಮೂಟೆಯಿಂದ ತೆಗೆತೆಗೆದು ಡಬ್ಬಿ ತುಂಬಿಸುತ್ತಲೇ ಇರುತ್ತದೆ. ಮೂಟೆ ಪೂರ್ತಿ ಬರಿದಾದ ಮೇಲಷ್ಟೇ ಡಬ್ಬಿಯ ತಳ ಕಾಣುವುದು. ಕಬ್ಬಿಣಾಂಶ ರಕ್ತಕ್ಕೆ ಮಾತ್ರವಲ್ಲ, ಸ್ನಾಯುಗಳಿಗೂ ಬೇಕು. ಹಾಗಾಗಿ ರಿಪೋರ್ಟಿನಲ್ಲಿ ರಕ್ತಹೀನತೆ ಕಾಣುವ ಮೊದಲೇ ಸುಸ್ತು ಬಂದಿರಬಹುದು.

ಮೂಟೆ ಅಳೆಯುವ ಟೆಸ್ಟಿನ ಹೆಸರು ಫೆರಿಟಿನ್. ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಇದು ಸೇರಿರುವುದಿಲ್ಲ, ಕೇಳಿ ಮಾಡಿಸಬೇಕು. ಇಲ್ಲಿ ಇನ್ನೊಂದು ಗುಂಡಿ ಇದೆ. ಫೆರಿಟಿನ್ 14 ಬಂದರೂ ಎಷ್ಟೋ ಲ್ಯಾಬ್‌ಗಳ ರಿಪೋರ್ಟಿನಲ್ಲಿ ನಾರ್ಮಲ್ ಎಂದೇ ಇರುತ್ತದೆ. 30ಕ್ಕಿಂತ ಕಡಿಮೆ ಇದ್ದು ಸುಸ್ತೂ ಇದ್ದರೆ ನಾನು ಅದನ್ನು ನಾರ್ಮಲ್ ಅನ್ನುವುದಿಲ್ಲ. ಜ್ವರ, ಸೋಂಕು ಇರುವಾಗ ಈ ಟೆಸ್ಟ್ ಮಾಡಿಸಬೇಡಿ, ಸಂಖ್ಯೆ ಸುಳ್ಳೇ ಏರಿರುತ್ತದೆ.

ಹಳೆಯ ರಿಪೋರ್ಟ್ ಕೈಯಲ್ಲಿದೆ ತಾನೇ? ಅದರಲ್ಲಿ ಎಂಸಿವಿ ಎಂಬ ಸಾಲು ನೋಡಿ. ಕೆಂಪು ರಕ್ತಕಣದ ಗಾತ್ರ ಅದು. 80ರಿಂದ 100ರ ನಡುವೆ ಇರಬೇಕು. 80ಕ್ಕಿಂತ ಕೆಳಗಿದ್ದರೆ ಕಣಗಳು ಸಣ್ಣವಾಗಿವೆ, ಕಬ್ಬಿಣಾಂಶ ಸಾಲುತ್ತಿಲ್ಲ ಎಂಬ ಅನುಮಾನ ಗಟ್ಟಿಯಾಗುತ್ತದೆ. ಎಂಸಿವಿ ಕಡಿಮೆ ಇದ್ದೂ ಫೆರಿಟಿನ್ ಚೆನ್ನಾಗಿದ್ದರೆ ಅದು ಹುಟ್ಟಿನಿಂದ ಬಂದ ಥಲಸ್ಸೀಮಿಯ ಲಕ್ಷಣ ಇರಬಹುದು. ಅದಕ್ಕೆ ಕಬ್ಬಿಣದ ಮಾತ್ರೆ ನುಂಗಿ ಪ್ರಯೋಜನವಿಲ್ಲ. ಟೆಸ್ಟ್ ಮಾಡಿಸದೆ ಮಾತ್ರೆ ಶುರು ಮಾಡಬೇಡಿ ಅನ್ನುವುದು ಇದಕ್ಕೇ.

ಇನ್ನೊಂದು ಕೇಳಲೇ? ಅಕ್ಕಿ ಆರಿಸುವಾಗ ಒಂದು ಹಿಡಿ ಬಾಯಿಗೆ ಹೋಗುತ್ತದಾ? ನಗಬೇಡಿ. ಕ್ಲಿನಿಕ್ಕಿನಲ್ಲಿ ಇದನ್ನು ಕೇಳಿದಾಗ ಹೆಂಗಸರು ಮೊದಲು ಪಕ್ಕದಲ್ಲಿ ಕೂತ ಗಂಡನ ಮುಖ ನೋಡುತ್ತಾರೆ, ಆಮೇಲೆ ಮೆಲ್ಲಗೆ ಹೂಂ ಅನ್ನುತ್ತಾರೆ. ಒಬ್ಬರ ಪರ್ಸಿನಲ್ಲಿ ಬಳಪದ ತುಂಡುಗಳೇ ಇದ್ದವು. ಹಸಿ ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನಬೇಕು ಅನಿಸುವುದು ಚಪಲ ಅಲ್ಲ. ಬಹಳ ಸಲ ಅದು ಕಬ್ಬಿಣಾಂಶದ ಕೊರತೆಯ ಗುರುತು, ಮೂಟೆ ತುಂಬಿದರೆ ತಾನಾಗಿ ನಿಲ್ಲುತ್ತದೆ.

ಈಗ ಮುಟ್ಟಿನ ವಿಷಯ. 41ಕ್ಕೆ 8 ದಿನ ಹೋಗುವುದು ಸಹಜ ಅಲ್ಲ. ಒಂದೆರಡು ಗಂಟೆಗೆ ಪ್ಯಾಡ್ ಬದಲಿಸಬೇಕಾಗುತ್ತದಾ, ರಾತ್ರಿ ಅದಕ್ಕಾಗಿಯೇ ಏಳಬೇಕಾ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಂಟುಗಳು ಹೋಗುತ್ತವಾ? ಒಂದಕ್ಕೆ ಹೌದು ಅಂದರೂ ಸ್ತ್ರೀರೋಗ ತಜ್ಞರನ್ನು ನೋಡಿ, ಒಂದು ಸ್ಕ್ಯಾನ್ ಆಗಲಿ. ಫೈಬ್ರಾಯ್ಡ್ ಗಡ್ಡೆ ಇರಬಹುದು, ಹಾರ್ಮೋನ್ ಏರುಪೇರು ಇರಬಹುದು. ಗರ್ಭಕೋಶ ತೆಗೆಸಿಬಿಡಿ ಅಂತಾರೆ ಎಂಬ ಹೆದರಿಕೆಗೆ ಎಷ್ಟೋ ಜನ ಆ ಕಡೆ ತಲೆ ಹಾಕುವುದಿಲ್ಲ. ರಕ್ತಸ್ರಾವ ತಗ್ಗಿಸುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿ ಇದೆ. ಆಪರೇಷನ್ ಮಾತು ಆಮೇಲೆ. ತೂತು ಮುಚ್ಚದೆ ಬಿಂದಿಗೆಗೆ ನೀರು ಸುರಿದರೆ ಏನು ಬಂತು?

ಊಟದಿಂದಲೇ ಸರಿ ಹೋಗುವುದಿಲ್ಲವಾ ಎಂದು ಕೇಳುತ್ತೀರಿ. ಬೀಟ್‌ರೂಟ್, ದಾಳಿಂಬೆ ತಿನ್ನಿ ಅಂತ ಎಲ್ಲರೂ ಹೇಳುತ್ತಾರೆ. ಬಣ್ಣ ಕೆಂಪು ಅನ್ನುವುದು ಬಿಟ್ಟರೆ ರಕ್ತಕ್ಕೂ ಅದಕ್ಕೂ ನಂಟು ಕಡಿಮೆ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣಾಂಶವೂ ಸಿಗುವುದಿಲ್ಲ. ರಾಗಿಯಲ್ಲಿ ಸುಮಾರು 4-5 ಮಿಲಿಗ್ರಾಂ ಇದೆ, ಆದರೆ ಮೈಗೆ ಹತ್ತುವುದು ಅದರಲ್ಲಿ ಸಣ್ಣ ಪಾಲು. ರಾಗಿಯ ನಿಜವಾದ ಬಲ ಸುಣ್ಣದ ಅಂಶ, ಅದಕ್ಕಾಗಿ ಮುದ್ದೆ ಬಿಡಬೇಡಿ. ನಿಮ್ಮ ವಯಸ್ಸಿನ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಸೊಪ್ಪು, ಕಾಳು ತಿನ್ನುವಾಗ ನಿಂಬೆ ಹಿಂಡಿಕೊಳ್ಳಿ, ಹುಳಿ ಇದ್ದರೆ ಹೀರಿಕೆ ಜಾಸ್ತಿ. ಕೋಸಂಬರಿಗೆ ನಮ್ಮವರು ನಿಂಬೆ ಹಿಂಡುವುದು ಈ ಲೆಕ್ಕದಲ್ಲೂ ಸರಿಯೇ. ತಿಂಡಿ ತಟ್ಟೆಯ ಪಕ್ಕದಲ್ಲೇ ಕಾಫಿ ಲೋಟ ಇಡುವ ಅಭ್ಯಾಸ ಮಾತ್ರ ಬಿಡಿ. ಕಾಫಿ, ಟೀ ಎರಡೂ ಕಬ್ಬಿಣಾಂಶ ಹೀರದಂತೆ ತಡೆಯುತ್ತವೆ. ಒಂದು ಗಂಟೆ ಅಂತರ ಇರಲಿ.

ಆದರೆ ಬರಿದಾದ ಮೂಟೆ ಊಟದಿಂದ ತುಂಬುವುದು ಬಹಳ ನಿಧಾನ. ಫೆರಿಟಿನ್ ಕಡಿಮೆ ಬಂದರೆ ಮಾತ್ರೆಯೇ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಉಚಿತವಾಗಿ ಸಿಗುತ್ತದೆ. ದಿನ ಬಿಟ್ಟು ದಿನ ತೆಗೆದುಕೊಂಡರೂ ನಡೆಯುತ್ತದಾ ಎಂದು ನಿಮ್ಮ ವೈದ್ಯರನ್ನು ಕೇಳಿ. ಒಂದು ಮಾತ್ರೆ ನುಂಗಿದ ಮೇಲೆ ಕರುಳು ಸುಮಾರು ಒಂದು ದಿನ ಬಾಗಿಲು ಓರೆ ಮಾಡಿಕೊಳ್ಳುತ್ತದೆ, ಮರುದಿನದ ಮಾತ್ರೆ ಅಷ್ಟಾಗಿ ಒಳಗೆ ಹೋಗುವುದಿಲ್ಲ. ದಿನ ಬಿಟ್ಟು ತೆಗೆದುಕೊಂಡರೆ ಹೊಟ್ಟೆ ಕೆಡುವುದೂ ಕಡಿಮೆ. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಹಾಲಿನ ಜೊತೆ, ಕ್ಯಾಲ್ಸಿಯಂ ಮಾತ್ರೆ ಜೊತೆ ನುಂಗಬೇಡಿ. ಸುಸ್ತು ಹೋಯಿತು ಅಂತ ಒಂದೇ ತಿಂಗಳಿಗೆ ನಿಲ್ಲಿಸುವವರೇ ಜಾಸ್ತಿ. ಮೂಟೆ ತುಂಬಲು ಮೂರು ತಿಂಗಳಾದರೂ ಬೇಕು.

ಸಸ್ಯಾಹಾರಿಗಳು ಅಂದಿರಿ. ಅದೇ ರಕ್ತದಲ್ಲಿ ವಿಟಮಿನ್ ಬಿ12 ಕೂಡ ನೋಡಿಸಿ. ಅಂಗಾಲು ಉರಿ, ಕೈಕಾಲು ಜೋಮು, ಮರೆವು ಇದ್ದರಂತೂ ಖಂಡಿತ. ಹಾಲು ಮೊಸರಿನಲ್ಲಿ ಅದು ಇದೆ, ಆದರೆ ನೀರು ಮಜ್ಜಿಗೆಯಲ್ಲಿ ಎಷ್ಟು ಬಂದೀತು!

ಎಲ್ಲ ಸರಿಯಿದ್ದೂ ಸುಸ್ತು ಉಳಿದರೆ ಮನಸ್ಸಿನ ಕಡೆಯೂ ನೋಡಬೇಕು. ಇಷ್ಟದ ಕೆಲಸವೂ ಬೇಡ ಅನಿಸಿ ಎರಡು ವಾರ ದಾಟಿದ್ದರೆ ಖಿನ್ನತೆ ಇರಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸುಸ್ತಿನ ಜೊತೆ ತೂಕ ತಾನಾಗಿ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ಎರಡು ವಾರ ಮೀರಿದ ಕೆಮ್ಮಿದ್ದರೆ, ಮಲದಲ್ಲಿ ರಕ್ತ ಹೋಗುತ್ತಿದ್ದರೆ ಕಾಯುತ್ತಾ ಕೂರಬೇಡಿ, ಅದೇ ವಾರ ವೈದ್ಯರನ್ನು ನೋಡಿ. ನಡೆದಾಗ ಎದೆ ಹಿಡಿದಂತಾದರೆ ಅದೇ ದಿನ.

ಮನೆಯವರಿಗೆ ಈ ಉತ್ತರ ತೋರಿಸಿ. 41 ವರ್ಷ ಚುರುಕಾಗಿ ಇದ್ದವರಿಗೆ ಸೋಮಾರಿತನ ದಿಢೀರ್ ಅಂತ ಬರುವುದಿಲ್ಲ.

ಪ್ರಶ್ನೆ: ವಯಸ್ಸು 48. ಬಟ್ಟೆ ಅಂಗಡಿ ಇದೆ. ತೂಕ 94 ಕೆಜಿ, ಬಿಪಿಗೆ ಎರಡು ಮಾತ್ರೆ ನಡೆದಿದೆ. ರಾತ್ರಿ ಹಾಸಿಗೆಗೆ ಬಿದ್ದರೆ ಸಾಕು, ನಿದ್ದೆ. ಎರಡು ಮೂರು ಸಲ ಮೂತ್ರಕ್ಕೆ ಏಳುತ್ತೇನೆ ಅಷ್ಟೇ. 8 ತಾಸು ಮಲಗಿದರೂ ಬೆಳಗ್ಗೆ ತಲೆ ಭಾರ. ಮಧ್ಯಾಹ್ನ ಗಲ್ಲಾ ಮೇಲೇ ತೂಕಡಿಸುತ್ತೇನೆ. ಮೊನ್ನೆ ಸಿಗ್ನಲ್‌ನಲ್ಲಿ ಬೈಕ್ ಮೇಲೆ ಕಣ್ಣು ಹತ್ತಿತು. ಗೊರಕೆ ಜೋರು ಅಂತ ಮನೆಯವರು ಬೇರೆ ಕೋಣೆಯಲ್ಲಿ ಮಲಗುತ್ತಾರೆ. ಶಕ್ತಿಗೆ ಏನಾದರೂ ಟಾನಿಕ್ ಹೇಳ್ರೀ. (ಓದುಗರು, ಹುಬ್ಬಳ್ಳಿ)

ಉತ್ತರ: ಟಾನಿಕ್ ಬೇಡ್ರೀ. ಮೊದಲು ಬೈಕ್ ಕೀಲಿ ಬೇರೆಯವರ ಕೈಗೆ ಕೊಡಿ.

ಗೊರಕೆ ಹೊಡೆಯುವವನಿಗೆ ಗಾಢ ನಿದ್ದೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಎಷ್ಟೋ ಸಲ ಅದು ತಲೆಕೆಳಗು. ನಿಮ್ಮ ಪತ್ರ ಓದಿದರೆ ಸ್ಲೀಪ್ ಆಪ್ನಿಯಾ ಇರುವ ಸಾಧ್ಯತೆ ಬಹಳ. ನಿದ್ದೆಯಲ್ಲಿ ಗಂಟಲ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ಅರೆ ಎಚ್ಚರ ಮಾಡಿಸುತ್ತದೆ, ದಾರಿ ತೆರೆಯುತ್ತದೆ, ಮತ್ತೆ ನಿದ್ದೆ. ಗಂಟೆಗೆ 30 ಸಲ ಹೀಗಾದರೂ ಬೆಳಗ್ಗೆ ನಿಮಗೆ ಒಂದೂ ನೆನಪಿರುವುದಿಲ್ಲ. ರಾತ್ರಿ ಮೂತ್ರಕ್ಕೆ ಏಳುವುದು, ಬೆಳಗಿನ ತಲೆ ಭಾರ, ಬಗ್ಗದ ಬಿಪಿ, ಎಲ್ಲಕ್ಕೂ ಇದೇ ಮೂಲ ಇರಬಹುದು. ರಾತ್ರಿ ಪದೇ ಪದೇ ಮೂತ್ರ ಅಂದಮೇಲೆ ಶುಗರ್ ಒಮ್ಮೆ ನೋಡಿಸಿಬಿಡಿ.

ಇದಕ್ಕೆ ಸಾಕ್ಷಿ ನಿಮ್ಮ ಮನೆಯವರು. ಒಂದು ರಾತ್ರಿ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಹೇಳಿ. ಗೊರಕೆ ಏರುತ್ತಾ ಏರುತ್ತಾ ಒಮ್ಮೆಲೇ ನಿಲ್ಲುತ್ತದೆ. ಹತ್ತು, ಹದಿನೈದು, ಇಪ್ಪತ್ತು ಸೆಕೆಂಡ್ ಸದ್ದಿಲ್ಲ. ಆಮೇಲೆ ನೀರಿನಿಂದ ಮೇಲೆ ಬಂದವರ ಹಾಗೆ ಒಂದು ಗಕ್ಕನೆ ಉಸಿರು. ಆ ಮೌನ ಕೇಳಿಸಿದರೆ ರೆಕಾರ್ಡಿಂಗ್ ಹಿಡಿದು ಶ್ವಾಸಕೋಶ ತಜ್ಞರ ಅಥವಾ ಇಎನ್‌ಟಿ ವೈದ್ಯರ ಹತ್ತಿರ ಹೋಗಿ, ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ, ಮಾಡಿಸುತ್ತಾರೆ. ಮನೆಯಲ್ಲೇ ಮಾಡುವ ಸಣ್ಣ ಯಂತ್ರಗಳೂ ಇವೆ. ಉಸಿರು ಕಟ್ಟುವುದು ಗಂಟೆಗೆ 5 ಸಲಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 15 ದಾಟಿದರೆ ಚಿಕಿತ್ಸೆ ಬೇಕು, 30 ದಾಟಿದರೆ ತೀವ್ರ.

ತೀವ್ರವಾಗಿದ್ದರೆ ಸಿಪ್ಯಾಪ್ ಎಂಬ ಗಾಳಿ ಯಂತ್ರ ಹೇಳುತ್ತಾರೆ. ಮೂಗಿಗೆ ಮಾಸ್ಕ್ ಹಾಕಿ ಮಲಗಬೇಕು. ಮೊದಲ ಒಂದೆರಡು ವಾರ ಕಿರಿಕಿರಿಯೇ, ಕಿತ್ತೆಸೆಯಬೇಕು ಅನಿಸುತ್ತದೆ. ಸರಿಯಾದ ಅಳತೆಯ ಮಾಸ್ಕ್ ಸಿಕ್ಕರೆ ಅರ್ಧ ಗೆದ್ದಂತೆ, ಹಾಗಾಗಿ ಆನ್‌ಲೈನಿನಲ್ಲಿ ಸುಮ್ನೆ ತರಿಸಬೇಡಿ. ತೂಕ 9-10 ಕೆಜಿ ಇಳಿದರೂ ತುಂಬಾ ಫರಕು ಕಾಣುತ್ತದೆ. ಅಂಗಾತ ಬೇಡ, ಮಗ್ಗುಲಾಗಿ ಮಲಗಿ. ರಾತ್ರಿ ಮದ್ಯ ಮತ್ತು ನಿದ್ದೆ ಮಾತ್ರೆ ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ, ಬಿಟ್ಟುಬಿಡಿ.

ಪ್ರಶ್ನೆ: 23 ವರ್ಷ, ಬೆಂಗಳೂರಿನ ಪಿಜಿಯಲ್ಲಿದ್ದೇನೆ. 8 ಗಂಟೆ ನಿದ್ದೆ ಮಾಡಿದರೂ ಮಧ್ಯಾಹ್ನದ ತನಕ ಮಂಕು. ಧೂಳಿನ ಅಲರ್ಜಿಗೆ ಒಂದು ವರ್ಷದಿಂದ ದಿನಾ ರಾತ್ರಿ ಸೆಟ್ರಿಜಿನ್ ತೆಗೆದುಕೊಳ್ಳುತ್ತೇನೆ, ಬೇರೆ ಯಾವ ಕಾಯಿಲೆಯೂ ಇಲ್ಲ. (ಓದುಗರು, ಬೆಂಗಳೂರು)

ಉತ್ತರ: ಉತ್ತರವನ್ನು ನೀವೇ ಬರೆದಿದ್ದೀರಿ! ಸೆಟ್ರಿಜಿನ್ ಕೆಲವರಿಗೆ ಮರುದಿನದ ತನಕ ಮಂಪರು ತರುತ್ತದೆ. ಫೆಕ್ಸೊಫೆನಡಿನ್‌ನಂಥ, ಮಂಪರು ಕಡಿಮೆ ಇರುವ ಮಾತ್ರೆಗಳಿವೆ. ದಿನಾ ಮೂಗು ಕಟ್ಟುವವರಿಗೆ ಮೂಗಿನ ಸ್ಟೆರಾಯ್ಡ್ ಸ್ಪ್ರೇ ಇನ್ನೂ ಒಳ್ಳೆಯದು. ಸ್ಟೆರಾಯ್ಡ್ ಅಂದ ತಕ್ಷಣ ಹೆದರಬೇಡಿ, ಮೈಗೆ ಸೇರುವುದು ತೀರಾ ಕಡಿಮೆ. ವೈದ್ಯರ ಹತ್ತಿರ ಮಾತಾಡಿ ಬದಲಿಸಿಕೊಳ್ಳಿ. ತಿಂಗಳುಗಟ್ಟಲೆ ನುಂಗಿದ ಸೆಟ್ರಿಜಿನ್ ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ಮೈಯೆಲ್ಲಾ ತುರಿಕೆ ಬರುವುದುಂಟು, ಹಾಗಾಗಿ ಹೇಗೆ ಬಿಡಬೇಕು ಅಂತಲೂ ಅವರನ್ನೇ ಕೇಳಿ. ಮತ್ತೆ, ಪಿಜಿಯ ಆ ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ.